ಆರೋಗ್ಯ ವರ್ಧನೆಗೊಂದು ಪದವಿ ಬೇಕು, ಆದರೆ ಅದಕ್ಕೂ ಮೊದಲು ಹುದ್ದೆ ಬೇಕು

ಇವರಿಗೆ,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ
ಮಾನ್ಯ ಕುಲಪತಿಗಳು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು

ವಿಷಯ: ಆರೋಗ್ಯ ವರ್ಧನೆಯಲ್ಲಿ ಸ್ನಾತಕ ಪದವಿ ಹಾಗೂ ಅದಕ್ಕೆ ಪೂರಕವಾದ ಹುದ್ದೆಗಳ ಸೃಷ್ಟಿ ಕುರಿತು.

ಮಾನ್ಯರೇ,

ಜಗತ್ತಿನ ಬೇರೆಡೆ ಹೆಲ್ತ್ ಪ್ರಮೋಷನ್ ಎಂಬ ಹೆಸರಿನಲ್ಲಿ ಕಲಿಸುವ ಆರೋಗ್ಯ ವರ್ಧನೆಯ, ಅಂದರೆ ಜನ ಕಾಯಿಲೆ ಬೀಳುವ ಮೊದಲೇ ಆರೋಗ್ಯವಾಗಿ ಬದುಕಲು ಅನುವು ಮಾಡಿಕೊಡುವ, ಶಾಸ್ತ್ರವನ್ನು ನಮ್ಮ ಮಕ್ಕಳು ಪಿಯುಸಿ ಮುಗಿಸಿದ ಕೂಡಲೇ ಮುಖ್ಯ ವಿಷಯವಾಗಿ ಓದುವಂತಾಗಲು ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಪದವಿಯೊಂದನ್ನು ಆರಂಭಿಸಬೇಕು. ಅದನ್ನು ಆರಂಭಿಸುವುದಕ್ಕೂ ಮೊದಲೇ ಆ ಪದವೀಧರರಿಗೆ ಸಲ್ಲುವ ಹುದ್ದೆಗಳನ್ನು ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಸೇರಿಸಬೇಕು. ಈ ಎರಡು ಕೋರಿಕೆಗಳಿಗಾಗಿ ಈ ಬಹಿರಂಗ ಪತ್ರ. ಎರಡನೆಯದನ್ನು ಮೊದಲನೆಯದಕ್ಕಿಂತ ಒತ್ತಿ ಹೇಳುತ್ತಿದ್ದೇನೆ. ಕೋರ್ಸು ತೆರೆಯುವುದು ನಮ್ಮಲ್ಲಿ ಸುಲಭ, ಓದಿ ಹೊರಬಂದವರಿಗೆ ಕೂರಲು ಕುರ್ಚಿ ಹಾಕಿಕೊಡುವುದೇ ಕಷ್ಟ.

ನಾನು ಮಲೆನಾಡಿನ ತಾಲ್ಲೂಕುಗಳಲ್ಲಿ ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತನಾದವನು. ನನ್ನಂಥವರ ಕೆಲಸ ಹೊರಗಿನವರಿಗೆ ಹೇಗೆ ಕಾಣುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿದೆ. ವಿಶ್ವ ಕ್ಷಯರೋಗ ದಿನ, ವಿಶ್ವ ತಂಬಾಕು ರಹಿತ ದಿನ, ಸ್ತನ್ಯಪಾನ ಸಪ್ತಾಹ, ಡೆಂಗಿ ಮಾಸಾಚರಣೆ ಎಂದು ವರ್ಷವಿಡೀ ಒಂದಲ್ಲ ಒಂದು ಆಚರಣೆ, ಶಾಲಾ ಮಕ್ಕಳ ಜಾಥಾ, ಊರ ನಡುವೆ ಒಂದು ಬೀದಿ ನಾಟಕ. ಆರ್ಥಿಕ ವರ್ಷ ಮುಗಿಯುವ ಮುನ್ನ ಉಳಿದ ಅನುದಾನಕ್ಕೆ ಒಂದಿಷ್ಟು ಫ್ಲೆಕ್ಸ್. ಪ್ರಾಥಮಿಕ ಆರೋಗ್ಯ ಕೇಂದ್ರದ ಕಾಂಪೌಂಡಿಗೆ ಕಟ್ಟಿದ ಆ ಫ್ಲೆಕ್ಸಿನ ಮೇಲ್ಭಾಗದಲ್ಲಿ ಗಣ್ಯರ ಭಾವಚಿತ್ರಗಳು ಇರುತ್ತವೆ, ಕೆಳಗೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ರೋಗದ ಹತ್ತು ಲಕ್ಷಣಗಳು. ಮಳೆಗಾಲ ಬಂದಾಗ ಅದು ಯಾರದೋ ಸೌದೆ ರಾಶಿಯ ಮೇಲೆ ಹೊದಿಕೆಯಾಗುತ್ತದೆ, ಬಹುಶಃ ಅದರ ನಿಜವಾದ ಪ್ರಯೋಜನ ಶುರುವಾಗುವುದೇ ಆಗ. ಈ ಕೆಲಸವನ್ನು ಮಾಡುವವರು ಸೋಮಾರಿಗಳಲ್ಲ. ಜನರ ನಡವಳಿಕೆ ಏಕೆ ಬದಲಾಗುತ್ತದೆ, ಏಕೆ ಬದಲಾಗುವುದಿಲ್ಲ ಎಂಬುದನ್ನು ಕ್ರಮಬದ್ಧವಾಗಿ ಕಲಿಯುವ ಅವಕಾಶ ಅವರಲ್ಲಿ ಹೆಚ್ಚಿನವರಿಗೆ ಸಿಕ್ಕಿರಲಿಲ್ಲ.

ಆ ಕಲಿಕೆಗೊಂದು ಶಾಸ್ತ್ರವಿದೆ. 1986ರ ನವೆಂಬರ್‌ನಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಆರೋಗ್ಯ ವರ್ಧನಾ ಸಮ್ಮೇಳನವು ಒಂದು ಸನ್ನದನ್ನು ಅಂಗೀಕರಿಸಿತು. ಆರೋಗ್ಯಕ್ಕೆ ಪೂರಕವಾದ ಸಾರ್ವಜನಿಕ ನೀತಿಯನ್ನು ರೂಪಿಸುವುದು, ಆರೋಗ್ಯವಾಗಿ ಬದುಕಲು ಅನುವಾಗುವ ಪರಿಸರ ನಿರ್ಮಿಸುವುದು, ಸಮುದಾಯಗಳು ತಾವೇ ಮುಂದೆ ನಿಂತು ಕೆಲಸ ಮಾಡುವಂತೆ ಬಲಪಡಿಸುವುದು, ವ್ಯಕ್ತಿಗಳ ಕೌಶಲ ಬೆಳೆಸುವುದು, ಆರೋಗ್ಯ ಸೇವೆಗಳನ್ನೇ ಚಿಕಿತ್ಸೆಯಿಂದಾಚೆಗೂ ತಿರುಗಿಸುವುದು ಎಂಬ ಐದು ದಾರಿಗಳನ್ನು ಆ ಸನ್ನದು ಹೇಳಿತು. ನಮ್ಮ ಇಲಾಖೆಯಲ್ಲಿ ಈ ಐದರ ಪೈಕಿ ನಾಲ್ಕನೆಯದರ ಅರ್ಧಭಾಗ ಮಾತ್ರ ನಡೆಯುತ್ತಿದೆ ಎಂದರೆ ಅತಿಶಯೋಕ್ತಿಯಾಗದು. ನಾವು ಜನರಿಗೆ ಹೇಳುತ್ತೇವೆ. ಹೇಳಿದ್ದನ್ನು ಮಾಡಲು ಅವರಿಗೆ ಅಡ್ಡಿಯಾಗಿರುವುದೇನು ಎಂದು ನೋಡುವುದು ಯಾರ ಕರ್ತವ್ಯ ಎಂದು ಯಾವ ಸುತ್ತೋಲೆಯಲ್ಲೂ ಸ್ಪಷ್ಟವಾಗಿ ಬರೆದಿರುವುದಿಲ್ಲ.

ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು. 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೂ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೂ ರಕ್ತಹೀನತೆ ಇದೆ. ಕಬ್ಬಿಣಾಂಶದ ಮಾತ್ರೆ ಬಹುತೇಕ ಎಲ್ಲೆಡೆ ಉಚಿತವಾಗಿ ಸಿಗುತ್ತದೆ. ಗರ್ಭಿಣಿಯರಿಗೆ ಕೆಂಪು ಮಾತ್ರೆ, ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ. ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಕೊಟ್ಟು ಸಹಿ ಹಾಕಿಸಿಕೊಂಡೂ ಬರುತ್ತಾರೆ. ಆದರೆ ಆ ಮನೆಯೊಳಗೆ ಕುಳಿತು ವಿಚಾರಿಸಿದರೆ ಬೇರೆಯೇ ಕಥೆ ತೆರೆದುಕೊಳ್ಳುತ್ತದೆ. ಮಾತ್ರೆ ನುಂಗಿದರೆ ಹೊಟ್ಟೆ ತೊಳಸಿದಂತಾಗುತ್ತದೆ ಎನ್ನುತ್ತಾಳೆ ಸೊಸೆ. ಮಲ ಕಪ್ಪಗಾದದ್ದನ್ನು ಕಂಡು ಆಕೆ ಹೆದರಿದ್ದಾಳೆ, ಅದು ಸಹಜ ಎಂದು ಮೊದಲೇ ಹೇಳಿದವರು ಯಾರೂ ಇಲ್ಲ. ಮಗು ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬುದು ಅತ್ತೆಯ ಅಂಜಿಕೆ. ಇನ್ನೂ ಕೆಲವರು ಮಾತ್ರೆಯನ್ನು ನಿಯಮ ತಪ್ಪದೆ ತೆಗೆದುಕೊಳ್ಳುತ್ತಾರೆ, ಆದರೆ ಬೆಳಗಿನ ಚಹಾ ಕುಡಿದ ಲೋಟ ಕೆಳಗಿಡುವ ಹೊತ್ತಿಗೇ ನುಂಗುವುದರಿಂದ ಚಹಾದಲ್ಲಿನ ಒಗರು ಕಬ್ಬಿಣಾಂಶವನ್ನು ದೇಹಕ್ಕೆ ಸರಿಯಾಗಿ ದಕ್ಕಲು ಬಿಡುವುದಿಲ್ಲ. ರಕ್ತಹೀನತೆಯ ಅಂಕಿಯ ಹಿಂದೆ ಹೀಗೆ ಅತ್ತೆಯೂ ಚಹಾ ಲೋಟವೂ ಇವೆ. ಇವನ್ನು ಪತ್ತೆಹಚ್ಚುವುದು, ಮನೆಯ ಹಿರಿಯ ಹೆಂಗಸನ್ನು ಎದುರುಹಾಕಿಕೊಳ್ಳದೆ ಜೊತೆಗೆ ಕರೆದುಕೊಳ್ಳುವುದು, ಮಾತ್ರೆಯ ಹೊತ್ತನ್ನು ಮನೆಗೆಲಸದ ಹೊತ್ತಿಗೆ ಹೊಂದಿಸುವುದು, ಆರು ತಿಂಗಳ ಬಳಿಕ ಏನು ಬದಲಾಯಿತೆಂದು ಅಳೆಯುವುದು, ಇವೆಲ್ಲ ಕಲಿತು ಬರುವ ವಿದ್ಯೆ. ಒಳ್ಳೆಯ ಮನಸ್ಸೊಂದೇ ಇದಕ್ಕೆ ಸಾಲದು.

ಮಂಗನ ಕಾಯಿಲೆಯ ವಿಷಯದಲ್ಲಿ ಈ ಕೊರತೆ ಜೀವಗಳನ್ನೇ ತೆಗೆದಿದೆ ಎಂಬುದು ನನ್ನ ಅಭಿಪ್ರಾಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. ಉಣುಗು ಕಚ್ಚುವುದರಿಂದ ಇದು ಬರುತ್ತದೆ ಎಂಬುದು ಮಲೆನಾಡಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಕಾಡಿಗೆ ಹೋಗಬೇಡಿ, ಹೋದರೆ ಉಣುಗನ್ನು ದೂರವಿಡುವ ಡೇಪಾ ಎಣ್ಣೆಯನ್ನು ಮೈಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಎಂದು ಇಲಾಖೆ ಪ್ರತಿ ಬೇಸಿಗೆಯಲ್ಲೂ ಹೇಳುತ್ತದೆ. ಆದರೆ ಕೊಟ್ಟಿಗೆಗೆ ಹಾಸಲು ತರಗೆಲೆ ಬೇಕು, ಒಲೆಗೆ ಸೌದೆ ಬೇಕು, ದನ ಮೇಯಲು ಕಾಡಿಗೇ ಹೋಗಬೇಕು. ತರಗೆಲೆ ಗುಡಿಸುವ ಕಾಲ ಮತ್ತು ಕಾಯಿಲೆ ಹಬ್ಬುವ ಕಾಲ ಎರಡೂ ಒಂದೇ. ಕಾಡಿಗೆ ಹೋಗಬೇಡಿ ಎನ್ನುವವನು ತರಗೆಲೆಗೆ ಬದಲಿಯಾಗಿ ಏನನ್ನಾದರೂ ತೋರಿಸದಿದ್ದರೆ, ಕೇಳಿಸಿಕೊಳ್ಳುವವಳು ತಲೆಯಾಡಿಸಿ ಮರುದಿನ ಬುಟ್ಟಿ ಹಿಡಿದು ಹೊರಡುತ್ತಾಳೆ. ಅದರಲ್ಲಿ ಆಕೆಯ ಅಜ್ಞಾನವೇನೂ ಇಲ್ಲ. ಹಳೆಯ ಲಸಿಕೆಯ ಪರಿಣಾಮ ಕುಂದಿರುವುದು ಕಂಡುಬಂದು ಅದರ ಬಳಕೆ ನಿಂತ ಮೇಲಂತೂ ಜನರ ದೈನಂದಿನ ಓಡಾಟವನ್ನು ಅರಿತು ಮಾಡುವ ಕೆಲಸವೇ ಮುಖ್ಯ ರಕ್ಷಣೆಯಾಗಿದೆ. ಇಲ್ಲಿ ಪಶುಸಂಗೋಪನೆ, ಅರಣ್ಯ, ಪಂಚಾಯತ್ ರಾಜ್ ಮತ್ತು ಆರೋಗ್ಯ ಇಲಾಖೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವ ವ್ಯಕ್ತಿ ಬೇಕು. ಆ ವ್ಯಕ್ತಿಗೆ ಉಣುಗಿನ ಜೀವನಚಕ್ರವೂ ತಿಳಿದಿರಬೇಕು, ಗ್ರಾಮಸಭೆಯ ನಡಾವಳಿಯೂ ತಿಳಿದಿರಬೇಕು.

ಅಡಿಕೆಯ ಮಾತು ಇನ್ನೂ ಸೂಕ್ಷ್ಮ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಸಾವಿರಾರು ಕುಟುಂಬಗಳ ಅನ್ನ ಅಡಿಕೆಯಲ್ಲಿದೆ, ನನ್ನ ಕುಟುಂಬವೂ ಅವುಗಳಲ್ಲಿ ಒಂದು. ಈ ವಿಷಯವನ್ನು ಸಭೆಯಲ್ಲಿ ಎತ್ತಿದರೆ ಅಧಿಕಾರಿಗಳು ಗಡಿಯಾರ ನೋಡಿಕೊಳ್ಳುತ್ತಾರೆ, ರಾಜಕಾರಣಿಗಳು ಅಡಿಕೆಗೆ ಔಷಧೀಯ ಗುಣವಿದೆ ಎಂದು ಭಾಷಣ ಮಾಡುತ್ತಾರೆ. ಇಂಥ ಇಕ್ಕಟ್ಟನ್ನು ಹಾದುಹೋದ ಊರುಗಳು ಜಗತ್ತಿನಲ್ಲಿ ಇಲ್ಲದಿಲ್ಲ. ಫಿನ್ಲೆಂಡಿನ ಉತ್ತರ ಕರೇಲಿಯಾ ಹೈನುಗಾರಿಕೆಯ ಪ್ರಾಂತ್ಯ, ಬೆಣ್ಣೆಯೇ ಅಲ್ಲಿನ ಊಟದ ಹೆಮ್ಮೆ, ಹೃದಯಾಘಾತದಿಂದ ಗಂಡಸರು ನಡುಹರೆಯದಲ್ಲೇ ಸಾಯುವುದೂ ಅಲ್ಲಿ ವಿಪರೀತವಾಗಿತ್ತು. ಸ್ಥಳೀಯ ಪ್ರತಿನಿಧಿಗಳೇ ಸರ್ಕಾರಕ್ಕೆ ಮನವಿ ಸಲ್ಲಿಸಿ 1972ರಲ್ಲಿ ಶುರುವಾದ ಯೋಜನೆಯು ಮನೆಮನೆಯ ಅಡುಗೆಯನ್ನು ಬದಲಿಸಲು ಗೃಹಿಣಿಯರ ಸಂಘಟನೆಯ ನೆರವು ಪಡೆಯಿತು, ಆಹಾರ ತಯಾರಿಸುವ ಉದ್ಯಮಗಳ ಜೊತೆ ಮಾತನಾಡಿತು, ರೈತರು ಬೆರ್ರಿ ಹಣ್ಣು ಬೆಳೆಯುವಂತೆ ಉತ್ತೇಜನ ಕೊಟ್ಟಿತು. ನಾಲ್ಕು ದಶಕಗಳಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ಶೇ 80ಕ್ಕಿಂತ ಹೆಚ್ಚು ಇಳಿಯಿತು. ರೈತನನ್ನು ಅಪರಾಧಿಯನ್ನಾಗಿ ಮಾಡದೆ ಆತನ ಬೆಳೆಯ ಬಗ್ಗೆ ಮಾತನಾಡುವುದು ಹೇಗೆ ಎಂಬುದು ನಮ್ಮ ಮಲೆನಾಡಿನ ಹುಡುಗ ಹುಡುಗಿಯರಿಗೆ ತರಗತಿಯಲ್ಲಿ ಚರ್ಚಿಸಲು ಸಿಗಬೇಕಾದ ಪಾಠ. ಅಡಿಕೆ ತೋಟದಲ್ಲೇ ಬೆಳೆದ ಮಗುವಿಗಿಂತ ಚೆನ್ನಾಗಿ ಅದನ್ನು ಚರ್ಚಿಸುವವರು ಯಾರಿದ್ದಾರೆ?

ನೀತಿಯೊಂದು ಮಾಡಬಲ್ಲ ಕೆಲಸಕ್ಕೆ ಸಾಕ್ಷಿ ನಮ್ಮ ಶಾಲೆಗಳಲ್ಲೇ ಇದೆ. ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ವಿಚಾರಕ್ಕೆ 2021ರಲ್ಲಿ ಎದ್ದ ಗದ್ದಲ ಎಲ್ಲರಿಗೂ ನೆನಪಿರಬಹುದು. ವಿರೋಧದ ನಡುವೆಯೂ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಆರಂಭವಾಗಿ ಅದು ಇಡೀ ರಾಜ್ಯಕ್ಕೆ ವಿಸ್ತರಿಸಿತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿಯ ಆಯ್ಕೆ ಉಳಿಯಿತು, ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ 2024ರಲ್ಲಿ ವಾರದ ಆರೂ ದಿನಕ್ಕೆ ಹಿಗ್ಗಿತು. ಪೌಷ್ಟಿಕ ಆಹಾರ ತಿನ್ನಿ ಎಂದು ವರ್ಷಗಟ್ಟಲೆ ಭಾಷಣ ಮಾಡಿದ್ದಕ್ಕಿಂತ ತಟ್ಟೆಗೆ ಬಂದ ಒಂದು ಮೊಟ್ಟೆ ಹೆಚ್ಚು ಕೆಲಸ ಮಾಡುತ್ತದೆ. ಆ ಮೊಟ್ಟೆ ತಟ್ಟೆಗೆ ಬರುವಂತೆ ವಾದ ಕಟ್ಟುವುದು, ಅಂಕಿ ಅಂಶ ಜೋಡಿಸುವುದು, ವಿರೋಧಿಸುವವರ ಜೊತೆ ಸಂಯಮದಿಂದ ಮಾತನಾಡುವುದು ಕೂಡ ಈ ಪದವಿಯ ಪಠ್ಯದ ಭಾಗ.

ಇದನ್ನೆಲ್ಲ ಸ್ನಾತಕೋತ್ತರ ಹಂತದಲ್ಲಿ ಕಲಿಸುತ್ತಿದ್ದಾರಲ್ಲ ಎಂಬ ಉತ್ತರವನ್ನು ನಾನು ಕೇಳಿದ್ದೇನೆ. ನಿಜ, ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂಡಿ ಇದೆ, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯಾದ ಎಂಪಿಎಚ್ ಇದೆ. ತಮಿಳುನಾಡಿನ ಗಾಂಧಿಗ್ರಾಮದಲ್ಲಿ 1964ರಲ್ಲಿ ಸ್ಥಾಪನೆಯಾದ ಸಂಸ್ಥೆಯೂ, ಕೋಲ್ಕತ್ತದಲ್ಲಿ 1932ರಷ್ಟು ಹಿಂದೆಯೇ ಆರಂಭವಾದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯೂ ಪದವೀಧರರಿಗೆ ಆರೋಗ್ಯ ಶಿಕ್ಷಣದ ಡಿಪ್ಲೊಮಾ ನೀಡುತ್ತ ಬಂದಿವೆ. ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಸ್ನಾತಕೋತ್ತರ ಹಂತಕ್ಕೆ ತಲುಪುವ ಹೊತ್ತಿಗೆ ಬಡ ಮನೆಯ ವಿದ್ಯಾರ್ಥಿ ದುಡಿಮೆಗೆ ಇಳಿದಾಗಿರುತ್ತದೆ, ವೈದ್ಯ ಪದವೀಧರನ ಕಣ್ಣು ಆಸ್ಪತ್ರೆಯ ಮೇಲೆ ನೆಟ್ಟಿರುತ್ತದೆ. ನಮಗೆ ಬೇಕಾದವರು ಹದಿನೆಂಟು ವರ್ಷದ, ಊರಿನ ಭಾಷೆ ನಾಲಿಗೆಯ ಮೇಲಿರುವ, ಮನೆಮನೆ ಸುತ್ತಲು ಹಿಂಜರಿಯದ ಮಕ್ಕಳು. ಶ್ರೀಲಂಕಾದ ಮಿಹಿಂತಲೆಯಲ್ಲಿರುವ ರಜರಟ ವಿಶ್ವವಿದ್ಯಾಲಯವು ಆರೋಗ್ಯ ವರ್ಧನೆಯಲ್ಲೇ ಬಿ.ಎಸ್ಸಿ ಪದವಿ ನೀಡುತ್ತದೆ. ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದಲ್ಲೂ ಈ ವಿಷಯಕ್ಕೆ ಸ್ನಾತಕ ಪದವಿ ಇದೆ. ಆಸ್ಟ್ರೇಲಿಯಾ ಶ್ರೀಮಂತ ದೇಶ ಎಂದು ಬದಿಗಿಡಬಹುದು, ಶ್ರೀಲಂಕಾದ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ. ನನ್ನನ್ನು ಕೇಳಿಕೊಂಡು ಬರುವ ಪಿಯುಸಿ ಮಕ್ಕಳಿಗೆ ಹತ್ತಿರದ ಯಾವುದೇ ಸರ್ಕಾರಿ ಕಾಲೇಜನ್ನು ತೋರಿಸಿ ಇಲ್ಲಿ ಸೇರಿಕೊಳ್ಳಿ ಎನ್ನಲು ನನಗೆ ಇಂದಿಗೂ ಸಾಧ್ಯವಾಗಿಲ್ಲ.

ಮೈಸೂರು ಸಂಸ್ಥಾನಕ್ಕೆ ಈ ದಾರಿ ಹೊಸದಾಗಿರಲಿಲ್ಲ ಎಂಬುದನ್ನೂ ನೆನಪಿಸಬೇಕು. 1930ರ ಆಸುಪಾಸಿನಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ನಡೆಯುತ್ತಿತ್ತು. 1930ರಲ್ಲಿ ಸರ್ಕಾರವೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿದಾಗ ದೇಶದ ಬೇರೆ ಭಾಗಗಳಲ್ಲಿ ಆ ಮಾತು ಆಡಲೂ ಸಂಕೋಚವಿತ್ತು.

ಕಾನೂನಿನ ಅಡ್ಡಿಯೂ ಇಲ್ಲ. 2021ರ ಅಲೈಡ್ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಸಮುದಾಯ ಆರೈಕೆ ಮತ್ತು ವರ್ತನಾ ವಿಜ್ಞಾನಗಳ ವರ್ಗವೊಂದಿದ್ದು, ಸಮುದಾಯ ಆರೋಗ್ಯ ವರ್ಧಕರು, ಆರೋಗ್ಯ ಶಿಕ್ಷಕರು ಹಾಗೂ ಆಪ್ತಸಮಾಲೋಚಕರು ಅದರೊಳಗೆ ಬರುತ್ತಾರೆ. ಆರೋಗ್ಯ ರಕ್ಷಣಾ ವೃತ್ತಿಪರ ಎನಿಸಿಕೊಳ್ಳಲು ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣ ಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ರಾಜ್ಯ ಸರ್ಕಾರ 2024–25ರಿಂದ ಸಾಮಾನ್ಯ ಪದವಿಗಳನ್ನು ಮತ್ತೆ ಮೂರು ವರ್ಷಕ್ಕೆ ತಂದಿದೆ. ಮೂರು ವರ್ಷದ ಓದು ಮತ್ತು ಒಂದು ವರ್ಷದ ಕ್ಷೇತ್ರ ತರಬೇತಿ ಸೇರಿದರೆ ಆ ಗಂಟೆಗಳು ಆರಾಮವಾಗಿ ತುಂಬುತ್ತವೆ.

ಪ್ರವೇಶದ ಬಗ್ಗೆ ನನ್ನದೊಂದು ಹಟವಿದೆ. ವಿಜ್ಞಾನ ಓದಿದವರಿಗೆ ಮಾತ್ರ ಬಾಗಿಲು ತೆರೆಯುವ ರೂಢಿಯನ್ನು ಇಲ್ಲಿಗೆ ತರಬಾರದು. ಸಮಾಜಶಾಸ್ತ್ರ, ಮನಃಶಾಸ್ತ್ರ, ಅರ್ಥಶಾಸ್ತ್ರ ಓದಿದ ಕಲಾ ವಿಭಾಗದ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿ ಶರೀರಶಾಸ್ತ್ರ ಕಲಿಸಬಹುದು, ಜೀವಶಾಸ್ತ್ರ ಓದಿದವರಿಗೆ ಸಮಾಜಶಾಸ್ತ್ರ ಕಲಿಸಬಹುದು. ಸಾಂಕ್ರಾಮಿಕ ರೋಗಶಾಸ್ತ್ರ, ಸಂಖ್ಯಾಶಾಸ್ತ್ರ, ವರ್ತನಾ ವಿಜ್ಞಾನ, ಪೌಷ್ಟಿಕತೆ, ಆರೋಗ್ಯ ಅರ್ಥಶಾಸ್ತ್ರ, ಪಂಚಾಯತ್ ರಾಜ್ ಕಾನೂನು ಮತ್ತು ಯೋಜನೆಗಳ ಮೌಲ್ಯಮಾಪನ ಇಬ್ಬರಿಗೂ ಸಮಾನ. ಕನ್ನಡದಲ್ಲಿ ಉತ್ತರ ಬರೆಯುವ ಅವಕಾಶವಿರಬೇಕು, ಕನ್ನಡದಲ್ಲಿ ಪಠ್ಯ ಸಿದ್ಧವಾಗಬೇಕು. ರೋಗಿಯ ಜೊತೆ ಕನ್ನಡ, ತುಳು, ಉರ್ದು, ಲಂಬಾಣಿಯಲ್ಲಿ ಮಾತನಾಡಬೇಕಾದವನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ತೇರ್ಗಡೆಯಾಗುವುದರಲ್ಲಿ ಅರ್ಥವಿಲ್ಲ. ಪ್ರತಿ ವಿದ್ಯಾರ್ಥಿಯೂ ಮೊದಲ ಸೆಮಿಸ್ಟರಿನಿಂದಲೇ ಒಂದು ಗ್ರಾಮ ಪಂಚಾಯಿತಿಗೆ ಅಥವಾ ನಗರದ ಒಂದು ವಾರ್ಡಿಗೆ ಜೋಡಣೆಯಾಗಿ ಕೊನೆಯವರೆಗೂ ಅಲ್ಲೇ ಕೆಲಸ ಮಾಡಬೇಕು. ಊರೂರು ತೋರಿಸುವ ಬಸ್ ಪ್ರವಾಸ ಕ್ಷೇತ್ರಕಾರ್ಯವಲ್ಲ. ಪಾಠ ಮಾಡುವವರಲ್ಲಿ ವೈದ್ಯರ ಜೊತೆಗೆ ಸಮಾಜ ವಿಜ್ಞಾನಿಗಳೂ, ಸೇವಾ ಅನುಭವವಿರುವ ಆಶಾ ಕಾರ್ಯಕರ್ತೆಯರೂ ಸಂದರ್ಶಕ ಬೋಧಕರಾಗಿ ಇರಬೇಕು. ಗೌರವಧನ ಕೊಟ್ಟೇ ಕರೆಯಬೇಕು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿರುವುದು ಬೇಸರದ ಸಂಗತಿ.

ಈಗ ಹುದ್ದೆಯ ಮಾತು. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳೇ ಈ ಕೆಲಸ ಮಾಡುತ್ತಾರಲ್ಲ ಎಂದು ಕೇಳಬಹುದು. ಅವರು ಶುಶ್ರೂಷಾ ಹಿನ್ನೆಲೆಯಿಂದ ಬಂದವರು. ರಕ್ತದೊತ್ತಡ ನೋಡುವುದು, ಔಷಧಿ ಕೊಡುವುದು, ಪೋರ್ಟಲಿಗೆ ಮಾಹಿತಿ ತುಂಬುವುದು ಇಷ್ಟರಲ್ಲೇ ಅವರ ದಿನ ಮುಗಿಯುತ್ತದೆ. ಗೃಹ ಆರೋಗ್ಯ ಯೋಜನೆಯಡಿ ಮೂವತ್ತು ದಾಟಿದವರ ಮನೆಬಾಗಿಲಿಗೇ ಹೋಗಿ ತಪಾಸಣೆ ಮಾಡುವುದು ಒಳ್ಳೆಯ ಹೆಜ್ಜೆ. ಆದರೆ ತಪಾಸಣೆಯಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದ ಮೇಲೆ ಆ ಮನೆಯಲ್ಲಿ ಏನಾಗಬೇಕು? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರವ್ಯಾಪಿ ಅಧ್ಯಯನವು ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹ, ಶೇ 35.5 ಮಂದಿಗೆ ಅಧಿಕ ರಕ್ತದೊತ್ತಡ ಇದೆ ಎಂದು ಹೇಳಿತು. ಇಷ್ಟು ಜನರಿಗೆ ಮಾತ್ರೆ ಕೊಟ್ಟು ಮುಗಿಸುವಷ್ಟು ಹಣ ಯಾವ ಸರ್ಕಾರದ ಬಳಿಯೂ ಇರುವುದಿಲ್ಲ. ಆದ್ದರಿಂದ ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ, ನಗರಗಳಲ್ಲಿ ನಮ್ಮ ಕ್ಲಿನಿಕ್‌ಗಳ ಸಮೂಹಕ್ಕೊಬ್ಬರಂತೆ, ಕಾಲಕ್ರಮದಲ್ಲಿ ಹೋಬಳಿಗೊಬ್ಬರಂತೆ ಆರೋಗ್ಯ ವರ್ಧನಾ ಅಧಿಕಾರಿಯ ಖಾಯಂ ಹುದ್ದೆ ಸೃಷ್ಟಿಸಿ. ಖಾಲಿ ಉಳಿದಿರುವ ಆರೋಗ್ಯ ಶಿಕ್ಷಣಾಧಿಕಾರಿ ಹುದ್ದೆಗಳನ್ನು ಬಡ್ತಿಯಿಂದ ಮಾತ್ರ ತುಂಬುವುದರ ಬದಲು ಒಂದು ಪಾಲನ್ನು ಈ ಪದವೀಧರರ ನೇರ ನೇಮಕಾತಿಗೆ ಮೀಸಲಿಡಿ. ಆಶಾ ಕಾರ್ಯಕರ್ತೆಯರ ಅಥವಾ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳ ಜಾಗಕ್ಕೆ ಇವರನ್ನು ತಂದು ಕೂರಿಸುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಮೊದಲೇ ತಳ್ಳಿಹಾಕಿ. ಆಶಾ ಕಾರ್ಯಕರ್ತೆಯರಿಗೂ ಇದೇ ಪದವಿಗೆ ಸೇವಾ ಮೀಸಲಾತಿಯ ಸೀಟುಗಳು ಇರಲಿ.

ನೇಮಕಾತಿ ನಿಯಮ ಸಿದ್ಧವಾಗುವ ಮುನ್ನವೇ ಕೋರ್ಸಿಗೆ ಅನುಮತಿ ಕೊಟ್ಟರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಖಾಸಗಿ ಕಾಲೇಜುಗಳು ಹೊಸ ಹೆಸರಿನ ಕೋರ್ಸೊಂದನ್ನು ಕರಪತ್ರದಲ್ಲಿ ಸೇರಿಸಿ ಲಕ್ಷಗಟ್ಟಲೆ ಶುಲ್ಕ ಪಡೆಯುತ್ತವೆ, ಹೊರಬಂದ ಮಕ್ಕಳು ವಿಮಾ ಕಂಪನಿಯ ಕಾಲ್ ಸೆಂಟರಿನಲ್ಲೋ ಔಷಧ ಮಾರಾಟದಲ್ಲೋ ಕೆಲಸ ಹುಡುಕುತ್ತಾರೆ. ಹೀಗಾಗಿ ಮೊದಲ ಐದು ವರ್ಷ ಈ ಪದವಿ ಸರ್ಕಾರಿ ಸಂಸ್ಥೆಗಳಲ್ಲಿ ಮಾತ್ರ ಇರಲಿ, ಸೀಟುಗಳ ಸಂಖ್ಯೆ ಮಂಜೂರಾದ ಹುದ್ದೆಗಳಿಗೆ ಹೊಂದಿಕೊಂಡಿರಲಿ.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಆರ್ಥಿಕ ಇಲಾಖೆ ಏನು ಹೇಳುತ್ತದೆಂದು ಗೊತ್ತಿರುವುದರಿಂದ ಎರಡು ಉದಾಹರಣೆ ಕೊಡುತ್ತೇನೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು 1987ರಲ್ಲಿ ತಂಬಾಕಿನ ಮೇಲಿನ ತೆರಿಗೆಯ ಹಣದಿಂದ ಆರೋಗ್ಯ ವರ್ಧನೆಗೆಂದೇ ಪ್ರತ್ಯೇಕ ಪ್ರತಿಷ್ಠಾನವನ್ನು ಸ್ಥಾಪಿಸಿ, ಕ್ರೀಡೆಗೆ ಸಿಗುತ್ತಿದ್ದ ಸಿಗರೇಟ್ ಕಂಪನಿಗಳ ಪ್ರಾಯೋಜಕತ್ವದ ಜಾಗವನ್ನು ಆ ಹಣದಿಂದ ತುಂಬಿತು. ಥಾಯ್ಲೆಂಡ್ 2001ರಿಂದ ಮದ್ಯ ಮತ್ತು ತಂಬಾಕಿನ ಅಬಕಾರಿ ಸುಂಕದ ಮೇಲೆ ಶೇ 2ರಷ್ಟು ಹೆಚ್ಚುವರಿ ವಸೂಲು ಮಾಡಿ ಇದೇ ಕೆಲಸಕ್ಕೆ ಕೊಡುತ್ತಿದೆ. ನಮ್ಮ ರಾಜ್ಯದ ಅಬಕಾರಿ ಆದಾಯದ ಬಗ್ಗೆ ನಾನು ತಮಗೆ ಹೇಳಬೇಕಾಗಿಲ್ಲ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅವರು ಕಟ್ಟುವ ತೆರಿಗೆಯ ಒಂದು ಸಣ್ಣ ಅಂಶವಾದರೂ ಅವರ ಆರೋಗ್ಯಕ್ಕೇ ಹಿಂತಿರುಗುವುದು ನ್ಯಾಯ.

ಆದ್ದರಿಂದ ಎರಡೂ ಸಚಿವಾಲಯಗಳು ಮತ್ತು ವಿಶ್ವವಿದ್ಯಾಲಯ ಸೇರಿ ಒಂದು ಜಂಟಿ ಸಮಿತಿ ರಚಿಸಬೇಕೆಂದು ಕೋರುತ್ತೇನೆ. ಅದರಲ್ಲಿ ಗ್ರಾಮೀಣಾಭಿವೃದ್ಧಿ, ಶಾಲಾ ಶಿಕ್ಷಣ ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳ ಪ್ರತಿನಿಧಿಗಳೂ, ಸೇವೆಯಲ್ಲಿರುವ ಆರೋಗ್ಯ ಶಿಕ್ಷಣಾಧಿಕಾರಿಗಳೂ, ಆಶಾ ಸಂಘಟನೆಯವರೂ ಇರಲಿ. ಸಮಿತಿಯು ಮೊದಲು ನೇಮಕಾತಿ ನಿಯಮದ ಕರಡನ್ನು, ನಂತರ ಪಠ್ಯಕ್ರಮದ ಕರಡನ್ನು ಸಾರ್ವಜನಿಕರ ಆಕ್ಷೇಪಣೆಗೆ ಪ್ರಕಟಿಸಲಿ. ಶಿವಮೊಗ್ಗ, ರಾಯಚೂರು ಮತ್ತು ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆವರಣದಲ್ಲಿ ಮೊದಲ ತಂಡವನ್ನು ಆರಂಭಿಸಬಹುದು. ಮೂರೂ ಕಡೆ ಆರೋಗ್ಯದ ಸಮಸ್ಯೆಗಳು ಬೇರೆ ಬೇರೆ, ಆಡುವ ಕನ್ನಡವೂ ಬೇರೆ ಬೇರೆಯಾದ್ದರಿಂದ ಪಠ್ಯಕ್ರಮಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗಲಾರದು. ಈ ಪತ್ರಕ್ಕೆ ತಮ್ಮ ಕಚೇರಿಗಳು ಕೊಡುವ ಉತ್ತರವನ್ನು ಇದೇ ರೀತಿ ಬಹಿರಂಗವಾಗಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿ,
ಶಿವಮೊಗ್ಗ ಜಿಲ್ಲೆ